ಮೂಗುತಿಯ ಬೆಳಕು ವೆಟ್ಸ್‌ಲಾರಿಗೆ ಹೋಗಿ ಬಂದದ್ದು

ರಾಣೆಬೆನ್ನೂರು, ಹೊರಡುವ ಮುಂಚೆ

ರಾಣೆಬೆನ್ನೂರಿನ ಅರ್ಧ ಊರಿಗೆ ಪಾಸ್‌ಪೋರ್ಟ್ ಫೋಟೋ ತೆಗೆದುಕೊಟ್ಟ ನಮ್ಮ ಮನೆಯವರ ಹತ್ತಿರ ಸ್ವಂತದ್ದೊಂದು ಪಾಸ್‌ಪೋರ್ಟ್ ಇಲ್ಲ. ಹೀಗಾಗಿ ಅವರ ಲೆನ್ಸ್ ರಿಪೇರಿಗೆಂದು ಜರ್ಮನಿಗೆ ಹೊರಟಾಗ ಅದರ ಜೊತೆ ನಾನು ಹೋದೆ. ನನಗೆ ಪಾಸ್‌ಪೋರ್ಟ್ ಇದ್ದದ್ದು ಗೆಳತಿ ಶೈಲಾಳ ಕಾಟಕ್ಕೆ. ನಾವಿಬ್ಬರೂ ಹಾವೇರಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮಗಳು ಆಕೆ, ಈಗ ಜರ್ಮನಿಯ ಗೀಸೆನ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್. "ನಾ ಸತ್ತ ಮ್ಯಾಲೆ ಬರ್ತಿ ಏನು ನೋಡಾಕ?" ಎಂದು ಆಗಾಗ ಫೋನಿನಲ್ಲಿ ಜಗಳ ತೆಗೆಯುತ್ತಿದ್ದಳು. ಅವಳ ಊರಿನ ಪಕ್ಕದಲ್ಲೇ ವೆಟ್ಸ್‌ಲಾರ್ ಇದೆ. ನಮ್ಮ ಲೆನ್ಸಿನ ತವರುಮನೆ ಅದು.

ಲೆನ್ಸಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ನಮ್ಮ ಮಾವನವರು ಕೊಂಡದ್ದು. ಸ್ಟುಡಿಯೋದಲ್ಲಿ ಕ್ಯಾಮೆರಾಗಳು ಬಂದವು, ಹೋದವು; ಲೆನ್ಸ್ ಮಾತ್ರ ಅದೇ. ಈಗಿನ ಡಿಜಿಟಲ್ ಕ್ಯಾಮೆರಾಕ್ಕೂ ನಡುವೆ ಜೋಡಣೆಯ ಲೋಹದ ಬಳೆಯೊಂದನ್ನು ಹಾಕಿ ಅದನ್ನೇ ಕೂಡಿಸುತ್ತಾರೆ. ಆಲ್ಬಂ ಜೋಡಿಸುವವಳು ನಾನಾದ್ದರಿಂದ ಅದರ ಗುಣ ನನಗೆ ಗೊತ್ತು. ಅದರಲ್ಲಿ ತೆಗೆದ ಮುಖದ ಮೇಲೆ ತೆಳುವಾದೊಂದು ಹೊಳಪು ಕೂರುತ್ತದೆ. ಮೂಗುತಿಯ ಹರಳಿನಿಂದ ಮೇಲಕ್ಕೂ ಕೆಳಕ್ಕೂ ಬೆಳಕಿನ ಸಣ್ಣ ಎಳೆಯೊಂದು ಹೊರಡುತ್ತದೆ. ವರನ ಕಡೆಯವರಿಗೆ ಕಳಿಸುವ ಫೋಟೋ ಎಂದರೆ ಹಾವೇರಿ, ಬ್ಯಾಡಗಿಯಿಂದಲೂ ಹೆಣ್ಣುಮಕ್ಕಳನ್ನು ಕರೆದುಕೊಂಡು ನಮ್ಮಲ್ಲಿಗೇ ಬರುತ್ತಿದ್ದರು. ಆ ಎಳೆ ಹೇಗೆ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯವರದು ಒಂದೇ ಉತ್ತರ: "ಜರ್ಮನ್ ಗಾಜರೀ ಅದು."

ನನ್ನನ್ನು ವರಗಳಿಗೆ ತೋರಿಸಲು ತೆಗೆದ ಫೋಟೋ ಕೂಡ ಇದೇ ಲೆನ್ಸಿನದು. ಆಗ ನನ್ನ ಕೆನ್ನೆಯ ತುಂಬ ಮೊಡವೆಯ ಕಲೆ. ಫೋಟೋದಲ್ಲಿ ಒಂದೂ ಇಲ್ಲ. ಫೋಟೋ ಮೆಚ್ಚಿ ಬಂದವರು ನನ್ನ ಮುಖ ನೋಡಿ, ಉಪ್ಪಿಟ್ಟು ತಿಂದು, ಚಹಾ ಕುಡಿದು, ಮಾತಿಲ್ಲದೆ ಎದ್ದು ಹೋದರು. ಕೊನೆಗೆ ಕೇಳಿಕೊಂಡು ಬಂದವರು ಫೋಟೋ ತೆಗೆದವರೇ. ಮುಖ, ಫೋಟೋ ಎರಡನ್ನೂ ನೋಡಿ ಬಂದವರು ಅವರೊಬ್ಬರೇ ಆದ್ದರಿಂದ ನಾನೂ ಒಪ್ಪಿದೆ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಫೋಟೋಗಳು ಮಬ್ಬಾಗತೊಡಗಿದವು. ಕಪ್ಪು ಕೂದಲು ಬೂದು ಬಣ್ಣಕ್ಕೆ ತಿರುಗಿತು. ಕಾರಣ ತಿಳಿಯದೆ ನಮ್ಮ ಮನೆಯವರು ಒದ್ದಾಡುತ್ತಿದ್ದಾಗಲೇ, ಒಂದು ಸೋಮವಾರ ಮುಂಜಾನೆ ಎಂದಿಗಿಂತ ಬೇಗ ಅಂಗಡಿಗೆ ಹೋದರು. ಅಲ್ಲಿ ನಮ್ಮ ಅತ್ತೆ ಗಂಗವ್ವ ಲೆನ್ಸಿನ ಮುಂದಿನ ಗಾಜಿಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು. ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಕ್ಯಾಮೆರಾಕ್ಕೆ ವಿಭೂತಿ ಹಚ್ಚುವುದು ಎಲ್ಲ ಸ್ಟುಡಿಯೋಗಳಲ್ಲೂ ಇದ್ದದ್ದೇ, ಅದೂ ಕ್ಯಾಮೆರಾದ ಮೈಗೆ. ನಮ್ಮ ಅತ್ತೆಯ ಲೆಕ್ಕದಲ್ಲಿ ಗಿರಾಕಿಯ ಮುಖ ನೋಡುವುದು ಗಾಜು, ಆದ್ದರಿಂದ ಗಾಜೇ ಕ್ಯಾಮೆರಾದ ಹಣೆ. ಅಂಗಡಿಯ ಬೀಗ ತೆಗೆದು, ಕ್ಯಾಮೆರಾವನ್ನು ಗಿರಾಕಿಗಳಿಗೆ ಅಣಿಮಾಡಿ ಇಡುವುದು ಮೊದಲಿನಿಂದಲೂ ಅವರದೇ ಕೆಲಸ. ಮಾವನವರ ಕಾಲದಿಂದ ಸೋಮವಾರಕ್ಕೊಮ್ಮೆ ಹೀಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಯಾರೂ ಬರುವ ಮುಂಚೆ ಸೆರಗಿನಿಂದ ಒರೆಸಿಬಿಡುತ್ತಿದ್ದರಂತೆ.

"ಅವ್ವಾ, ಏನ ಮಾಡಾಕತ್ತಿ? ಅಪ್ಪನ ಲೆನ್ಸ್ ತಿಂದ ಹಾಕಿದೆಲ್ಲಾ! ಇನ್ನ ಮ್ಯಾಲೆ ಇದನ್ನ ಮುಟ್ಟಬ್ಯಾಡ ನೀ!"

ಫೋಟೋಕ್ಕೆಂದು ಬೇಗ ಬರಹೇಳಿದ್ದ ಹೆಂಗಸರು ಆಗಲೇ ಬಂದು ಬಾಗಿಲಲ್ಲೇ ನಿಂತಿದ್ದರು. ಅತ್ತೆಯವರು ಬೀಗದ ಕೈ ಮೇಜಿನ ಮೇಲಿಟ್ಟು ಮನೆಗೆ ಬಂದರು. ಅಂದಿನಿಂದ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಇತ್ತ ನಮ್ಮ ಮನೆಯವರು ಬೇರೆ ಲೆನ್ಸಿನಲ್ಲಿ ಮುಖ ತೆಗೆಯಲಾರೆ ಎಂದು ಹಟ ಹಿಡಿದು ಕೂತರು. ತಾಯಿ ಮಗನ ನಡುವೆ ಉಳಿದದ್ದು ಊಟ ಆಯಿತೇ ಎಂಬ ಮಾತು ಮಾತ್ರ. ನನಗೆ ಲೆನ್ಸಿಗಿಂತ ಇದೇ ದೊಡ್ಡ ಚಿಂತೆಯಾಗಿತ್ತು.

ಹೊರಡುವಾಗ ನಮ್ಮ ಮನೆಯವರು, "ಹೊಚ್ಚ ಹೊಸಾದರಂಗ ಮಾಡಿಸ್ಕೊಂಡ ಬಾ" ಎಂದರು. ಅತ್ತೆಯವರು ದಾರಿಗೆಂದು ಒಣಗಿಸಿದ ಕಟಿರೊಟ್ಟಿಯ ಗಂಟು ಕೈಗಿಟ್ಟು, ಮಗ ಆ ಕಡೆ ಹೋದ ಮೇಲೆ ಹೇಳಿದರು: "ಆ ಗಾಜಿಗೆ ಏನಾಗೇತಿ ಖರೇ ಖರೇ ಕೇಳ್ಕೊಂಡ ಬಾ. ನನ್ನಿಂದ ಆಗಿದ್ರ ನನ್ನಿಂದ ಅಂತ ಹೇಳು. ನನ್ನ ಸಲುವಾಗಿ ಮುಚ್ಚಬ್ಯಾಡ."

ಫ್ರಾಂಕ್‌ಫರ್ಟ್

ವಿಮಾನ ನಿಲ್ದಾಣದ ಅಧಿಕಾರಿಗೆ ಲೆನ್ಸಿನ ಬಗ್ಗೆ ಏನೂ ಅನುಮಾನ ಬರಲಿಲ್ಲ. ಅನುಮಾನ ಬಂದದ್ದು ಅದರ ಪಕ್ಕದಲ್ಲಿದ್ದ ಖಾರದ ಪುಡಿಯ ಮೇಲೆ. ಶೈಲಾಳ ಅಣ್ಣ ಬ್ಯಾಡಗಿಯಿಂದ ತಂದುಕೊಟ್ಟದ್ದು ಅದು. ಅಧಿಕಾರಿ ಚೀಲ ಬಿಚ್ಚಿ, ಕೈಗವಸಿನ ಬೆರಳು ಅದ್ದಿ, ಆ ಕೆಂಪನ್ನು ದೀಪಕ್ಕೆ ಹಿಡಿದು ನೋಡಿದ. "ಬಣ್ಣವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೇ ಹೆಸರಾದದ್ದು. ಅಲ್ಲ ಎಂದರೆ ಸುಳ್ಳಾಗುತ್ತಿತ್ತು, ಹೌದು ಎಂದರೆ ಕೇಸಾಗುತ್ತಿತ್ತು. "ಊಟಕ್ಕೆ" ಎಂದೆ. ನನ್ನ ಮುಖವನ್ನೂ ಪುಡಿಯನ್ನೂ ಮತ್ತೊಮ್ಮೆ ನೋಡಿ, ಚೀಲವನ್ನು ಅರೆಬರೆ ಕಟ್ಟಿ ಕೊಟ್ಟ. ಆ ಅರೆಬರೆ ಗಂಟಿನ ಫಲ ಮರುದಿನ ಗೊತ್ತಾಯಿತು.

ಗೀಸೆನ್ನಿನಿಂದ ವೆಟ್ಸ್‌ಲಾರ್

ವೆಟ್ಸ್‌ಲಾರ್ ನಮ್ಮ ರಾಣೆಬೆನ್ನೂರಿನಷ್ಟೂ ಗದ್ದಲವಿಲ್ಲದ ಊರು. ಹಳೆಯ ಓಣಿಗಳು ಏರುತ್ತ ಹೋಗುತ್ತವೆ. ಮರದ ಚೌಕಟ್ಟಿನ ಮನೆಗಳು ಒಂದರ ಹೆಗಲಿಗೆ ಒಂದು ಒರಗಿ ನಿಂತಿವೆ. ಮೇಲೆ ಚೌಕದಲ್ಲಿ ದೊಡ್ಡ ಚರ್ಚೊಂದಿದೆ. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಹೊರಟವರು ನಡುವೆಯೇ ನಿಲ್ಲಿಸಿಬಿಟ್ಟರಂತೆ. ಅರ್ಧ ಹಳೆಯದು, ಅರ್ಧ ಹೊಸದು. ಶತಮಾನಗಳಾದರೂ ಯಾರಿಗೂ ಅದರ ಬಗ್ಗೆ ಬೇಸರವಿದ್ದಂತೆ ಕಾಣಲಿಲ್ಲ. ನಮ್ಮಲ್ಲಾದರೆ ಇಷ್ಟರಲ್ಲಿ ಒಂದು ಜೀರ್ಣೋದ್ಧಾರ ಸಮಿತಿ, ಎರಡು ಬಣ ಆಗಿರುತ್ತಿದ್ದವು.

ನನಗೆ ಅಲ್ಲಿ ವಿಚಿತ್ರವೆನಿಸಿದ್ದು ಇನ್ನೊಂದು. ಕ್ಯಾಮೆರಾ ಲೆನ್ಸಿಗೆ ಜಗತ್ತಿನಲ್ಲೇ ಹೆಸರಾದ ಊರಿನಲ್ಲಿ ಯಾರಿಗೂ ಫೋಟೋ ತೆಗೆಸಿಕೊಳ್ಳುವುದು ಬೇಡ. ಹೂವಿನ ಅಂಗಡಿಯ ಮುಂದೆ ಚೆಂದದ ಅಜ್ಜಿಯೊಬ್ಬರು ನಿಂತಿದ್ದರು. ನಾನು ಮೊಬೈಲ್ ಎತ್ತಿದ್ದೇ ತಡ, ಕೈ ಅಡ್ಡ ಹಿಡಿದು ಏನೋ ಗದರಿದರು. ಶೈಲಾ ಕ್ಷಮೆ ಕೇಳಿ ನನ್ನನ್ನು ಎಳೆದುಕೊಂಡು ಹೋದಳು. "ಕೇಳದ ಯಾರದೂ ಫೋಟೋ ತಗೀಬಾರ್ದಲೇ ಇಲ್ಲಿ." ನಮ್ಮೂರಿನ ಸಂತೆಯಲ್ಲಿ ಕ್ಯಾಮೆರಾ ಹೊರಗೆ ತೆಗೆದರೆ ಬದನೆಕಾಯಿ ಮಾರುವವರೂ ಕಾಲರ್ ಸರಿಮಾಡಿಕೊಂಡು ನಿಲ್ಲುತ್ತಾರೆ. ತೆಗೆಯದಿದ್ದರೆ ಸಿಟ್ಟಾಗುತ್ತಾರೆ.

ನಮ್ಮಿಬ್ಬರ ಫೋಟೋವನ್ನು ಮಾತ್ರ ದಾರಿಹೋಕ ಗಂಡಸೊಬ್ಬರು ತೆಗೆದುಕೊಟ್ಟರು. ಚರ್ಚು ಪೂರ್ತಿ ಬರಲಿ ಎಂದು ಮೊಬೈಲಿನ ಅಗಲದ ಲೆನ್ಸ್ ಹಾಕಿದ್ದರು. ನಡುವೆ ಚರ್ಚು, ಒಂದು ಅಂಚಿಗೆ ನಾನು, ಇನ್ನೊಂದು ಅಂಚಿಗೆ ಶೈಲಾ. ಚರ್ಚು ಸರಿಯಾಗಿತ್ತು. ನಾವಿಬ್ಬರೂ ಪಕ್ಕಕ್ಕೆ ಹಿಗ್ಗಿ ಹೋಗಿದ್ದೆವು. "ಯವ್ವಾ, ನಾ ಇಷ್ಟ ದಪ್ಪ ಆಗೇನೇನು?" ಎಂದು ಶೈಲಾ ಗಾಬರಿಯಾದಳು. ಮದುವೆಯ ಗ್ರೂಪ್ ಫೋಟೋಗಳಲ್ಲಿ ಅಂಚಿಗೆ ನಿಂತ ಸೊಸೆಯಂದಿರು ನನ್ನ ಹತ್ತಿರ ಬಂದು ಮಾಡುವ ತಕರಾರೇ ಇದು. ಅಗಲವನ್ನೆಲ್ಲ ಒಂದೇ ಹಾಳೆಗೆ ಚಪ್ಪಟೆಯಾಗಿ ಹಾಸಲು ಹೋದರೆ ಅಂಚಿನವರನ್ನು ಎಳೆಯಲೇಬೇಕು, ಲೆನ್ಸಿಗೆ ಬೇರೆ ದಾರಿಯಿಲ್ಲ ಎಂದು ಅವಳಿಗೂ ಹೇಳಿದೆ. ಅವಳು ನಂಬಲಿಲ್ಲ. ಮಧ್ಯಾಹ್ನ ಕೇಕು ತಿನ್ನಲಿಲ್ಲ.

ಫ್ರಾವ್ ಕ್ರಾಮರ್ ಅವರ ಕಾರ್ಯಾಗಾರ

ಅಲ್ಲಿ ಹೆಂಗಸರ ಹೆಸರಿನ ಮುಂದೆ ಫ್ರಾವ್ ಹಚ್ಚುತ್ತಾರೆ. ಫ್ರಾವ್ ಕ್ರಾಮರ್ ಲೆನ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಈಗ ತಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಹಳೆಯ ಲೆನ್ಸುಗಳನ್ನು ಬಿಚ್ಚಿ ಸರಿಮಾಡುತ್ತಾರೆ. ಬಿಳಿ ಕೋಟು, ಗಿಡ್ಡ ಕೂದಲು, ಮುಲಾಜಿಲ್ಲದ ಮಾತು. ನಾನು ಕೈ ಮುಗಿದೆ, ಅವರು ಕೈ ಚಾಚಿದರು, ಕೊನೆಗೆ ಇಬ್ಬರೂ ಎರಡನ್ನೂ ಮಾಡಿದೆವು.

ಲೆನ್ಸ್ ಸುತ್ತಿದ್ದ ಟವೆಲನ್ನು ಬಿಚ್ಚಿದ ಕೂಡಲೇ ಅವರು ಸೀನಿದರು. ಮತ್ತೆ ಸೀನಿದರು. ಅಧಿಕಾರಿ ಕಟ್ಟಿದ ಗಂಟಿನಿಂದ ಖಾರದ ಪುಡಿ ಸೋರಿ ಟವೆಲಿಗೆಲ್ಲ ಮೆತ್ತಿತ್ತು. ಮೇಜಿನ ಮೇಲಿನ ಅವರ ಬಿಳಿ ಬಟ್ಟೆ ಕೆಂಪಾಯಿತು. ನನಗೆ ನೆಲದೊಳಗೆ ಇಳಿದುಹೋಗಬೇಕೆನಿಸಿತು. ಅವರು ಕಣ್ಣೊರೆಸಿಕೊಂಡು ಏನೋ ಹೇಳಿದರು. ಶೈಲಾ ನಗು ತಡೆದುಕೊಂಡು ಅದನ್ನು ನನಗೆ ದಾಟಿಸಿದಳು: "ಧೂಳು, ಮಣ್ಣು, ಸತ್ತ ನೊಣಾ ಎಲ್ಲಾ ನೋಡ್ಯಾರಂತ. ಒಗ್ಗರಣಿ ಹಾಕಿದ ಲೆನ್ಸ್ ಇದ ಮೊದಲಂತ."

ಅವರು ಹೇಳುವುದೆಲ್ಲ ಶೈಲಾಳ ಬಾಯಲ್ಲಿ ಬ್ಯಾಡಗಿ ಮಾತಾಗಿ ನನಗೆ ಸಿಗುತ್ತಿತ್ತು. ಮೊದಲು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು.

"ನೋಡಲೇ, ಒಂದ ಗಾಜಿನಿಂದ ಕೆಲಸಾ ಆಗಂಗಿಲ್ಲಂತ," ಎಂದಳು ಶೈಲಾ. "ಗಾಜಿನ ಅಂಚಿನ್ಯಾಗ ಹಾದ ಬೆಳಕು ಲಗೂ ಬಂದು ಕೂಡತೈತಿ. ನಡುವ ಹಾದದ್ದು ಇನ್ನೂ ಮುಂದ ಹೋಗಿ ಕೂಡತೈತಿ. ಕೆಂಪಂದು ಒಂದ ಜಾಗಾ, ನೀಲಿದು ಇನ್ನೊಂದ ಜಾಗಾ. ಹಿಂಗಾಗಿ ಚಿತ್ರ ಕಲಸಿದಂಗ ಆಗತೈತಿ. ಅದಕ್ಕ ಬ್ಯಾರೆ ಬ್ಯಾರೆ ನಮೂನಿ ಗಾಜು ಒಂದರ ಹಿಂದ ಒಂದು ಕುಂದ್ರಸ್ತಾರಂತ. ಇದರ ತಪ್ಪು ಅದು ತಿದ್ದತೈತಿ, ಅದರ ತಪ್ಪು ಇದು ತಿದ್ದತೈತಿ."

"ನಮ್ಮ ಕೂಡು ಕುಟುಂಬದಂಗ ಅನ್ನು," ಎಂದೆ.

ಶೈಲಾ ಅದನ್ನೂ ಜರ್ಮನ್‌ಗೆ ತಿರುಗಿಸಿದಳು. ಫ್ರಾವ್ ಕ್ರಾಮರ್ ನಗಲಿಲ್ಲ. ಕುಟುಂಬದಲ್ಲಿ ಒಬ್ಬರ ತಪ್ಪಿಗೆ ಇನ್ನೊಬ್ಬರ ತಪ್ಪು ಕೂಡುತ್ತದೆ, ಲೆನ್ಸಿನಲ್ಲಿ ಕಳೆಯುತ್ತದೆ, ಅಷ್ಟೇ ವ್ಯತ್ಯಾಸ ಎಂದರು. ನನಗೆ ಊರಿನಲ್ಲಿ ಬಿಟ್ಟು ಬಂದ ತಾಯಿ ಮಗನ ನೆನಪಾಯಿತು.

ಮುಖ ತೆಗೆಯಲೆಂದೇ ಮಾಡಿದ ಕೆಲವು ಲೆನ್ಸುಗಳಲ್ಲಿ ಆ ತಪ್ಪನ್ನು ಪೂರ್ತಿ ತಿದ್ದದೆ ಬೇಕೆಂದೇ ಸ್ವಲ್ಪ ಉಳಿಸುತ್ತಾರಂತೆ. ಆಗ ಕಣ್ಣು ಸ್ಪಷ್ಟವಾಗಿಯೇ ಇದ್ದು, ಚರ್ಮದ ಮೇಲೆ ತೆಳುವಾದ ಹೊಳಪು ಬರುತ್ತದೆ. ನಮ್ಮದೂ ಆ ಜಾತಿಯದೇ ಇರಬೇಕು ಎಂದೆ. ಫ್ರಾವ್ ಕ್ರಾಮರ್ ತಲೆ ಅಲ್ಲಾಡಿಸಿದರು. ಇದು ಕಟ್ಟುನಿಟ್ಟಿನ ಲೆನ್ಸ್, ಇದನ್ನು ರಚಿಸಿದವರಿಗೆ ಬೇಕಾದದ್ದು ಮೂಲೆಯಿಂದ ಮೂಲೆಗೆ ಸ್ಪಷ್ಟತೆ. ಮೊಡವೆಯನ್ನು ಮೊಡವೆಯೆಂದೇ ತೋರಿಸಬೇಕಾದ ಲೆನ್ಸ್ ಇದು ಎಂದರು. ನಾನು ಕೆನ್ನೆ ಮುಟ್ಟಿಕೊಂಡೆ.

ಮೊಬೈಲಿನಲ್ಲಿದ್ದ ನಮ್ಮ ಸ್ಟುಡಿಯೋದ ಹಳೆಯ ಫೋಟೋಗಳನ್ನು ತೋರಿಸಿದೆ. ಅವರು ಮೂಗುತಿಯ ಎಳೆಯನ್ನು ಹಿಗ್ಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ದೀಪ ಆರಿಸಿ, ಸೂಜಿಮೊನೆಯಷ್ಟು ಬೆಳಕಿನ ಮುಂದೆ ನಮ್ಮ ಲೆನ್ಸ್ ಇಟ್ಟರು. ಎದುರಿನ ಪರದೆಯ ಮೇಲೆ ಒಂದು ಚುಕ್ಕಿ, ಅದರಿಂದ ಮೇಲಕ್ಕೂ ಕೆಳಕ್ಕೂ ಅದೇ ಎಳೆ. ಲೆನ್ಸನ್ನು ಕಾಲು ಸುತ್ತು ತಿರುಗಿಸಿದರು. ಎಳೆಯೂ ತಿರುಗಿ ಅಡ್ಡ ಮಲಗಿತು. ಹಾಗಾದರೆ ಅದು ಮೂಗುತಿಯದೂ ಅಲ್ಲ, ದೀಪದ್ದೂ ಅಲ್ಲ, ಲೆನ್ಸಿನ ಮೈಮೇಲೆ ಇರುವ ಯಾವುದರದೋ.

ಟಾರ್ಚಿನ ಬೆಳಕನ್ನು ಓರೆಯಾಗಿ ಹಿಡಿದು ಮುಂದಿನ ಗಾಜನ್ನು ಭೂತಗನ್ನಡಿಯಲ್ಲಿ ನೋಡಿ ನನ್ನನ್ನು ಕರೆದರು. ಗಾಜಿನ ತುಂಬ ಕೂದಲಿಗಿಂತ ಸಣ್ಣ ಗೀರುಗಳು. ಸುಮ್ಮನೆ ಎಲ್ಲೆಂದರಲ್ಲಿ ಬಿದ್ದವಲ್ಲ. ಎಲ್ಲವೂ ಅಡ್ಡ, ಒಂದರ ಪಕ್ಕ ಒಂದು, ಸಾಲಾಗಿ ಮೂರು ಪಟ್ಟಿ. ಅಡ್ಡ ಗೀರಿಗೆ ತಾಗಿದ ಬೆಳಕು ಉದ್ದಕ್ಕೆ ಚೆದುರುತ್ತದೆ, ಮೇಲೆ ಕೆಳಗೆ ಎಳೆಯಾಗಿ ಕಾಣುತ್ತದೆ, ಮುಖಕ್ಕೆ ಹೊಳಪು ಕೊಡುವುದೂ ಈ ಚೆದುರಿದ ಬೆಳಕೇ ಎಂದರು. ಈ ಮೂರು ಪಟ್ಟಿ ಯಾವ ಯಂತ್ರದ್ದು ಎಂದು ಕೇಳಿದರು.

ಶೈಲಾ ನನ್ನ ಮುಖ ನೋಡಿದಳು. ಆಮೇಲೆ ಮೂರು ಬೆರಳನ್ನು ತನ್ನ ಹಣೆಯ ಮೇಲೆ ಅಡ್ಡ ಎಳೆದುಕೊಂಡು ತೋರಿಸಿದಳು.

ವಿಭೂತಿ ಏನೆಂದು ತಿಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ಸುಟ್ಟ ಸಗಣಿಯ ಬೂದಿ ಎಂಬಲ್ಲಿಗೆ ಬಂದಾಗ ಫ್ರಾವ್ ಕ್ರಾಮರ್ ಕುರ್ಚಿ ಎಳೆದುಕೊಂಡು ಕೂತರು. ಹಳೆಯ ಗಾಜು ಮೆತ್ತಗಿನದು, ಬೂದಿಯಲ್ಲಿ ಸಣ್ಣ ಕಣ ಇದ್ದೇ ಇರುತ್ತದೆ, ಇಷ್ಟು ವರ್ಷ ಒಂದೇ ಕೈ ಒಂದೇ ದಿಕ್ಕಿನಲ್ಲಿ ಹಚ್ಚಿ ಒರೆಸಿದರೆ ಹೀಗಾಗುತ್ತದೆ ಎಂದರು.

"ಹಂಗಾದ್ರ ಮಬ್ಬು ಆಗಿದ್ದೂ ಇದರಿಂದನ?" ಎಂದು ಕೇಳಿಸಿದೆ. ಅತ್ತೆಯವರಿಗೆ ನಾನು ಒಯ್ಯಬೇಕಾದ ಉತ್ತರ ಅದು.

ಅವರು ಲೆನ್ಸ್ ತಿರುಗಿಸಿ ಹಿಂದಿನಿಂದ ಬೆಳಕು ಬಿಟ್ಟರು. ಒಳಗಿನ ಗಾಜುಗಳ ಮೇಲೆ ಜೇಡರ ಬಲೆಯಂತೆ ಬೂಸ್ಟು ಹಬ್ಬಿತ್ತು. ಮಬ್ಬಿಗೆ ಕಾರಣ ಇದು, ಮುಂದಿನ ಗೀರಿಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಕತ್ತಲಲ್ಲಿ, ತೇವದಲ್ಲಿ, ಗಾಳಿಯಾಡದ ಚರ್ಮದ ಡಬ್ಬಿಯಲ್ಲಿ ಇಟ್ಟರೆ ಬೆಳೆಯುತ್ತದಂತೆ. ಎಲ್ಲಿ ಇಡುತ್ತಿದ್ದಿರಿ ಎಂದು ಕೇಳಿದರು.

ನಮ್ಮ ಮನೆಯವರು ಅಪ್ಪನ ಲೆನ್ಸಿಗೆ ಧೂಳು ತಾಗಬಾರದೆಂದು ಎರಡು ಮಳೆಗಾಲದ ಹಿಂದೆ ಒಳಗೆ ಮಖಮಲ್ಲು ಹಾಸಿದ ಚರ್ಮದ ಡಬ್ಬಿ ಮಾಡಿಸಿದ್ದರು. ರಾತ್ರಿ ಕ್ಯಾಮೆರಾ ಸಮೇತ ಅದರಲ್ಲಿಟ್ಟು ಕಪಾಟಿಗೆ ಬೀಗ ಹಾಕುತ್ತಿದ್ದರು. ಅದಕ್ಕೂ ಮೊದಲು ಅದು ಸ್ಟ್ಯಾಂಡಿನ ಮೇಲೆ, ಅತ್ತೆಯವರ ಹಳೆಯ ಸೀರೆಯ ತುಂಡಿನ ಕೆಳಗೆ, ಗಾಳಿಯಲ್ಲೇ ಇರುತ್ತಿತ್ತು.

ಕೊನೆಗೆ ಫ್ರಾವ್ ಕ್ರಾಮರ್ ನನ್ನ ಮುಂದೆ ಎರಡು ದಾರಿ ಇಟ್ಟರು. ಒಳಗಿನ ಬೂಸ್ಟನ್ನು ಹೇಗೂ ತೆಗೆಯುತ್ತಾರೆ. ಮುಂದಿನ ಗಾಜನ್ನು ಉಜ್ಜಿ ಹೊಸ ಲೇಪ ಕೊಟ್ಟರೆ ಲೆನ್ಸ್ ಹುಟ್ಟಿದ ದಿನದಂತೆ ಆಗುತ್ತದೆ, ಆದರೆ ಎಳೆ ಹೋಗುತ್ತದೆ. ಬಿಟ್ಟರೆ ಉಳಿಯುತ್ತದೆ. "ಕಾರ್ಖಾನ್ಯಾಗ ಇದ್ದಿದ್ರ ಇಂಥಾ ಗಾಜು ಎತ್ತಿ ಒಗೀತಿದ್ರಂತ," ಎಂದಳು ಶೈಲಾ. "ಈಗ ನೀ ಹೇಳಿದಂಗಂತ."

ಲಾನ್ ನದಿಯ ಸೇತುವೆ

ಊರಿನ ಕೆಳಗೆ ಲಾನ್ ಎಂಬ ನದಿ. ನಮ್ಮೂರ ಪಕ್ಕದ ಮೇಡ್ಲೇರಿಯ ಹತ್ತಿರ ತುಂಗಭದ್ರೆಯನ್ನು ನೋಡಿದವರಿಗೆ ಇದನ್ನು ನದಿ ಎನ್ನಲು ಸ್ವಲ್ಪ ಸಂಕೋಚವಾಗುತ್ತದೆ. ಬಾತುಕೋಳಿಗಳಿಗೆ ಸಾಕು. ಕಲ್ಲಿನ ಸೇತುವೆಯ ಮೇಲೆ ನಿಂತು ನಮ್ಮ ಮನೆಯವರಿಗೆ ಫೋನು ಹಚ್ಚಿದೆ. ಹಾದುಹೋಗುವವರೆಲ್ಲ ನನ್ನ ಕಡೆ ತಿರುಗಿ ನೋಡಿದರು. ಅಲ್ಲಿ ಫೋನಿನಲ್ಲಿ ಯಾರೂ ದನಿ ಏರಿಸುವುದಿಲ್ಲ. ನಮಗೆ ದೂರದ ಊರಿಗೆ ಜೋರಾಗಿ ಮಾತಾಡಿಯೇ ರೂಢಿ.

"ಆ ಎಳೀ ಗಾಜಿನ ಗುಣಾರೀ ಅಂತಿದ್ರೆಲ್ಲಾ, ಅಲ್ಲಂತ್ರಿ. ಅದು ಅತ್ತಿಯವರ ಬೆರಳಂತ. ಮುಂದಿನ ಗಾಜು ಉಜ್ಜಿದ್ರ ಹೋಗತೈತಂತ."

"ಹುಚ್ಚಿ ಏನ ನೀ? ಜರ್ಮನ್ ಗಾಜದು."

"ಜರ್ಮನಿಯವರ ಹೇಳಾಕತ್ತಾರ್ರೀ, ಇದು ಜರ್ಮನಿದಲ್ಲ ಅಂತ."

"ಮತ್ತ ಮಬ್ಬು?" ಎಂದರು.

"ಅದು ನಿಮ್ಮ ಮಖಮಲ್ ಡಬ್ಬಿ."

ನನಗೆ ಒಳಗೊಳಗೇ ಖುಷಿಯೂ ಆಯಿತು, ಪಾಪವೆಂದೂ ಅನಿಸಿತು. ಲೆನ್ಸನ್ನು ಅವರಷ್ಟು ಜೋಪಾನ ಮಾಡಿದವರು ಯಾರೂ ಇರಲಿಲ್ಲ.

"ಮುಂದಿನ ಗಾಜು ಮುಟ್ಟಬ್ಯಾಡ ಅಂತ ಹೇಳು," ಎಂದರು ಕೊನೆಗೆ. ಮತ್ತೆ ತಗ್ಗಿದ ದನಿಯಲ್ಲಿ, "ಅವ್ವಗ ನೀನ ಫೋನ್ ಮಾಡಿ ಹೇಳಿಬಿಡು."

"ನಾ ಯಾಕ ಹೇಳ್ಲಿ? ಬೈದವರು ನಾನಲ್ಲ, ನೀವು."

ಹಾಗೆಂದು ಫೋನಿಟ್ಟೆ. ಮದುವೆಯಾದ ಮೇಲೆ ಅವರಿಗೆ ಅಷ್ಟು ನೇರವಾಗಿ ಮಾತಾಡಿದ್ದು ಅದೇ ಮೊದಲಿರಬೇಕು. ಜರ್ಮನಿಯ ಗಾಳಿ ತಾಗಿತು ಎಂದು ಶೈಲಾ ನಕ್ಕಳು.

ರಾಣೆಬೆನ್ನೂರು

ಒಳಗಿನ ಬೂಸ್ಟು ತೆಗೆಸಿದ ಲೆನ್ಸಿನೊಡನೆ ಮನೆಗೆ ಬಂದು ಕೈಕಾಲು ತೊಳೆದುಕೊಂಡೆ. ಅತ್ತೆಯವರು ರೊಟ್ಟಿ ಬಡಿಯುತ್ತಿದ್ದರು, ನಮ್ಮ ಮನೆಯವರು ತಾಟಿನ ಮುಂದೆ ಕೂತಿದ್ದರು. ಅತ್ತೆಯವರು ಕೈ ನಿಲ್ಲಿಸದೆ ಕೇಳಿದರು: "ಏನಂದ್ರು?"

ಅಂದರೆ ಇವರು ಇನ್ನೂ ಹೇಳಿರಲಿಲ್ಲ. ನನಗೆ ಭಯಂಕರ ಸಿಟ್ಟು ಬಂತು. "ನಿಮ್ಮ ಮಗನ್ನ ಕೇಳ್ರಿ ಅತ್ತೀ. ಅವರಿಗೆಲ್ಲಾ ಹೇಳೇನಿ," ಎಂದೆ.

ನಮ್ಮ ಮನೆಯವರು ರೊಟ್ಟಿಯ ತುಣುಕನ್ನು ಪಲ್ಯದಲ್ಲಿ ಹೊರಳಾಡಿಸಿದರು. "ಮಬ್ಬು ಆಗಿದ್ದು ನನ್ನ ಡಬ್ಬಿಯಿಂದಂತ, ಅವ್ವಾ," ಎಂದರು.

"ಹೂಂ."

"ಮತ್ತ ಮೂಗುತಿ ಬೆಳಕು... ಅದು ನಿನ್ನ ವಿಭೂತಿಯಿಂದಂತ. ನೀ ಹಚ್ಚಿ ಹಚ್ಚಿ ಬಂದದ್ದಂತ."

ಅತ್ತೆಯವರು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. "ಇದನ್ನ ಅಡಿಗಿಮನ್ಯಾಗ ಹೇಳಿದಿ," ಎಂದರು. "ಬೈದದ್ದು ಅಂಗಡ್ಯಾಗ. ಮಂದಿ ಮುಂದ."

ಮರುದಿನ ಅಂಗಡಿಯಲ್ಲಿ ಹೊತ್ತು ಕಳೆಯುವುದೇ ಕಷ್ಟವಾಯಿತು. ಹನ್ನೊಂದರ ಸುಮಾರಿಗೆ ಮೇಡ್ಲೇರಿಯಿಂದ ತಾಯಿ ಮಗಳು ಫೋಟೋಕ್ಕೆ ಬಂದರು. ಅವರ ಹಿಂದೆಯೇ, ಯಾರೂ ಕರೆಯದಿದ್ದರೂ, ಇಸ್ತ್ರಿ ಸೀರೆ ಉಟ್ಟು ಅತ್ತೆಯವರು ಬಂದು ಬಾಗಿಲಲ್ಲಿ ನಿಂತರು. ಒಳಗೆ ಕಾಲಿಡಲಿಲ್ಲ.

ನಮ್ಮ ಮನೆಯವರು ಕ್ಯಾಮೆರಾಕ್ಕೆ ಲೆನ್ಸ್ ಕೂಡಿಸುತ್ತಿದ್ದರು. ತಾಯಿ ಮಗಳ ಕಡೆ ತಿರುಗಿ ಹೇಳಿದರು: "ಇದು ಜರ್ಮನ್ ಗಾಜು ಅಂತಿದ್ದೆ ನಾ. ಅಲ್ಲರೀ. ಇದರ ಬೆಳಕು ನಮ್ಮವ್ವಂದು. ಇದನ್ನ ಕೆಡಿಸಿದಾಂವ ನಾನು. ತಿಳೀಲಾರದ ಅವ್ವಗ ಬೈದಿದ್ದೆ." ಮೇಡ್ಲೇರಿಯವರಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಆ ತಾಯಿ, "ಇರ್ಲಿ ತಗೋರಿ, ಮಕ್ಕಳು ಅಂತಾರ," ಎಂದು ಅತ್ತೆಯವರಿಗೆ ಸಮಾಧಾನ ಹೇಳಿದರು.

ಅತ್ತೆಯವರು ಒಳಗೆ ಬಂದರು. ನೇರವಾಗಿ ಹೋಗಿ ಗಿರಾಕಿಗಳು ಕೂರುವ ಕುರ್ಚಿಯ ಮೇಲೆ, ದೀಪಗಳ ನಡುವೆ ಕೂತರು. ಸೆರಗು ಸರಿಮಾಡಿಕೊಂಡರು.

"ತಗಿ," ಎಂದರು.

ನಮ್ಮ ಮನೆಯವರು ಕ್ಯಾಮೆರಾಕ್ಕೆ ಕಣ್ಣು ಹಚ್ಚಿದರು. ಇಷ್ಟು ವರ್ಷದ ರೂಢಿಯಿಂದ ಅವರ ಬಾಯಿ ತಾನಾಗಿಯೇ, "ಸ್ವಲ್ಪ ನಗು, ಅವ್ವಾ," ಎಂದಿತು.

"ನಗು ಗಿಗು ಅನ್ನಬ್ಯಾಡ. ನನಗಿನ್ನೂ ಸಿಟ್ಟ ಇಳದಿಲ್ಲ. ಹೆಂಗ ಕುಂತೇನಿ ಹಂಗ ತಗಿ."

ಅವರು ಹಾಗೆಯೇ ತೆಗೆದರು.